ಚೈತನ್ಯಾಳಿಗೆ ಹೇಳದೆ ಬಿಟ್ಟಿದ್ದು

ನಮ್ಮ ಶಾಲೆಯಲ್ಲಿ ಚೈತನ್ಯಾ ಕನ್ನಡದ ಟೀಚರು, ನಾನು ಗಣಿತದ ಟೀಚರು. ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅವಳು ಹಳಗನ್ನಡದ ಪದ್ಯ ಹಿಡಿದಳೆಂದರೆ ನನ್ನ ಹುಡುಗರ ಕಿವಿ ಆ ಕಡೆಗೇ ಹೋಗುತ್ತಿತ್ತು. ಬೈಯಬೇಕಾದ ನಾನೂ ಸೀಮೆಸುಣ್ಣ ಹಿಡಿದುಕೊಂಡು ಕೇಳುತ್ತಾ ನಿಂತುಬಿಡುತ್ತಿದ್ದೆ. ಪದ ಪದ ಬಿಡಿಸಿ, ನಗಿಸಿ, ಮಧ್ಯದಲ್ಲಿ ಯಾವುದೋ ಊರಿನ ಕಥೆ ಹೇಳಿ, ಇನ್ನೇನು ದಾರಿ ತಪ್ಪಿದಳು ಅನ್ನುವಾಗ ಸರಿಯಾಗಿ ಪದ್ಯಕ್ಕೇ ವಾಪಸ್ ಬರುತ್ತಿದ್ದಳು. ಹತ್ತನೇ ಕ್ಲಾಸಿನ ತುಂಟರು ಕೂಡ ಅವಳ ಪೀರಿಯಡ್ ತಪ್ಪಿಸುತ್ತಿರಲಿಲ್ಲ.

ಅದೇ ಚೈತನ್ಯಾ ಅಂಕಪಟ್ಟಿ ಕೊಡುವ ದಿನ ಬಂತೆಂದರೆ ಸ್ಟಾಫ್ ರೂಮಿನಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಉತ್ತರಪತ್ರಿಕೆಯ ಕಟ್ಟು ಅವಳ ಮೇಜಿನ ಮೇಲೆ ವಾರಗಟ್ಟಲೆ ಕೂತಿರುತ್ತಿತ್ತು. ಓದಲು ಅವಳಿಗೆ ಬೇಜಾರಿಲ್ಲ, ಮಕ್ಕಳ ಮೇಲೆ ಅಕ್ಕರೆ ಬೇರೆ. ಆದರೂ ಕಟ್ಟಿನ ದಾರ ಬಿಚ್ಚಲು ಕೈ ಬರುತ್ತಿರಲಿಲ್ಲ. ಒಂದು ದಿನ ನಾನು ಕೇಳಿಯೇಬಿಟ್ಟೆ.

"ಏನು ಮಾರಾಯ್ತಿ, ಅದನ್ನ ನೋಡ್ತಾ ಕೂರೋ ಹೊತ್ತಿಗೆ ಹತ್ತು ಪೇಪರ್ ಆಗಿರ್ತಿತ್ತಲ್ಲ?"

"ಗೊತ್ತು ಸರಸ್ವತಿ ಮೇಡಂ. ಶುರು ಮಾಡ್ಬೇಕು ಅಂತ ಬೆಳಗ್ಗೆಯಿಂದ ನನಗೆ ನಾನೇ ಬೈಕೊಳ್ತಾ ಇದ್ದೀನಿ. ಬೈಗುಳ ಕೇಳಿಸುತ್ತೆ, ಕೈ ಮಾತ್ರ ಏಳಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ.

ಅವಳ ತವರು ಭದ್ರಾವತಿಯ ಜನ್ನಾಪುರ. ತಂದೆ ಮುರುಗೇಶಪ್ಪ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತಾಯಿ ದಾಕ್ಷಾಯಣಮ್ಮ. ಅವಳಿಗಿಂತ ಮೂರು ವರ್ಷ ಚಿಕ್ಕವನಾದ ಒಬ್ಬನೇ ತಮ್ಮ ಆಕರ್ಷ ಬ್ಯಾಂಕಿನಲ್ಲಿ ಆಫೀಸರ್. ಚೈತನ್ಯಾ ಮದುವೆಯಾಗಿ ಶಿವಮೊಗ್ಗಕ್ಕೆ ಬಂದವಳು. ಗಂಡ ಮಲ್ಲೇಶನದು ಊರಿನ ಕೋಟೆ ಪ್ರದೇಶದಲ್ಲಿ, ದೇವಸ್ಥಾನದ ರಸ್ತೆಯಲ್ಲಿ, ಪೂಜಾ ಸಾಮಗ್ರಿಯ ಅಂಗಡಿ. ಮಗಳು ಅಕ್ಷರಾ ಒಂದನೇ ಕ್ಲಾಸು.

ಎಂ.ಎ.ಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ ಚೈತನ್ಯಾಗೆ ಬಿ.ಇಡಿ. ಮುಗಿದಿರಲಿಲ್ಲ. ಪಾಠ ಮಾಡಿ ತೋರಿಸುವುದರಲ್ಲಿ ಅವಳೇ ಮೊದಲು. ಆದರೆ ಬರೆದು ಒಪ್ಪಿಸಬೇಕಾದ ಪಾಠಯೋಜನೆಗಳನ್ನು ಒಪ್ಪಿಸಲೇ ಇಲ್ಲ. ಹಾಗಾಗಿ ಅವಳಿಗಿಂತ ಕಡಿಮೆ ತಿಳಿದವರೆಲ್ಲ ಕಾಯಂ ಆದರು, ಅವಳು ಪ್ರತಿ ಜೂನ್‌ನಲ್ಲಿ ಹೊಸದಾಗಿ ಕೆಲಸ ಕೇಳುವವಳಾಗಿಯೇ ಉಳಿದಳು. ನಮ್ಮಲ್ಲಿಗೆ ಬರುವ ಮುಂಚೆ ಎರಡು ಶಾಲೆ ಬಿಟ್ಟಿದ್ದಳು. ಬಿಟ್ಟಿದ್ದಳು ಅಂದರೆ, ಅವರೇ ಬಿಡಿಸಿದ್ದರು.

ಅವಳ ಬಾಯಲ್ಲಿ ಸದಾ ಇದ್ದದ್ದು ಅಪ್ಪಾಜಿಯ ಮಾತು. ಚಿಕ್ಕಂದಿನಲ್ಲಿ ಅವಳು ಮರೆತು ಹೋದ ಊಟದ ಡಬ್ಬಿಯನ್ನು ಶಾಲೆಗೆ ತಂದುಕೊಡುತ್ತಿದ್ದದ್ದು ಅಪ್ಪಾಜಿ. ಕಾಲೇಜಿನ ಅರ್ಜಿಗೆ ಕೊನೆಯ ದಿನಾಂಕ ಮೀರಿದಾಗ ಆಫೀಸಿನ ಕಿಟಕಿಯಲ್ಲಿ ಕೈಮುಗಿದದ್ದು ಅಪ್ಪಾಜಿ. ಅಮ್ಮ "ಸೋಮಾರಿ, ಮೈಗಳ್ಳಿ" ಎಂದು ಕೂಗಾಡುವಾಗ "ಬಿಡೇ, ಅವಳು ಹಾಗೇ" ಎಂದು ಅಡ್ಡ ಬರುತ್ತಿದ್ದದ್ದೂ ಅಪ್ಪಾಜಿಯೇ. ಈಗಲೂ ಬೆಳಗ್ಗೆ ಎದ್ದ ಕೂಡಲೇ ಫೋನ್ ಮಾಡಿ, ಅಕ್ಷರಾಳ ಫೀಸು ಕಟ್ಟಿದೆಯಾ, ಗ್ಯಾಸ್ ಬುಕ್ ಮಾಡಿದೆಯಾ ಎಂದು ಕೇಳುತ್ತಿದ್ದರು. "ನಮ್ಮ ಅಪ್ಪಾಜಿ ಇಲ್ದೇ ಇದ್ದಿದ್ರೆ ನಾನು ಎಲ್ಲಿ ಬಿದ್ದಿರ್ತಿದ್ನೋ" ಎಂದು ಅವಳು ಹೇಳುವಾಗ ನನಗೂ ಹೌದೆನಿಸುತ್ತಿತ್ತು.

ಹೋದ ವರ್ಷ ಪ್ರಿಪರೇಟರಿ ಪರೀಕ್ಷೆಯ ಪೇಪರುಗಳನ್ನು ಅವಳು ಜನ್ನಾಪುರಕ್ಕೆ ತೆಗೆದುಕೊಂಡು ಹೋದಳು. ಪಕ್ಕದಲ್ಲಿ ಅಪ್ಪಾಜಿ ದಿನಪತ್ರಿಕೆ ಓದುತ್ತಾ ಕೂತಿದ್ದರೆ ಮಾತ್ರ ಅವಳ ಕೈ ಓಡುತ್ತಿತ್ತು. ಒಂದೇ ಭಾನುವಾರ ಎಲ್ಲ ಮುಗಿಸಿದಳು. ಆ ಸಂತೋಷದಲ್ಲೇ ಶಿವಮೊಗ್ಗದ ಬಸ್ಸು ಹತ್ತಿ, ಕಟ್ಟನ್ನು ಮೇಲಿನ ಕಂಬಿಯ ಮೇಲಿಟ್ಟು, ಕೈಬೀಸಿಕೊಂಡು ಇಳಿದುಬಿಟ್ಟಳು. ಮಾರನೇ ದಿನ ಮುರುಗೇಶಪ್ಪನವರು ಬೆಳಗಿನಿಂದ ಬಸ್ ನಿಲ್ದಾಣದಲ್ಲಿ ನಿಂತು, ಕಂಡಕ್ಟರುಗಳನ್ನೆಲ್ಲ ವಿಚಾರಿಸಿ, ಕಟ್ಟನ್ನು ಹುಡುಕಿ ಶಾಲೆಗೆ ತಂದುಕೊಟ್ಟರು. ಅಷ್ಟರಲ್ಲಿ ವಿಷಯ ಹೆಡ್‌ಮಾಸ್ಟರಿಗೆ ಗೊತ್ತಾಗಿತ್ತು. ಇನ್ನೊಂದು ತಪ್ಪಾದರೆ ಬರುವ ವರ್ಷ ಬರುವುದು ಬೇಡ ಎಂದು ಎಲ್ಲರೆದುರೇ ಹೇಳಿದರು.

ಅದಾಗಿ ಸ್ವಲ್ಪ ದಿನಕ್ಕೆ ನಮಗೆಲ್ಲ ಒಂದು ತರಬೇತಿ ಇತ್ತು. ಮಕ್ಕಳ ಕೌನ್ಸೆಲರ್ ಒಬ್ಬರು ಬಂದು ಎಡಿಎಚ್‌ಡಿ ಇರುವ ಮಕ್ಕಳನ್ನು ಗುರುತಿಸುವುದು ಹೇಗೆ ಎಂದು ಹೇಳುತ್ತಿದ್ದರು. ಈ ಮಕ್ಕಳು ಸೋಮಾರಿಗಳಲ್ಲ, ಮೊಂಡರಲ್ಲ. ಮಾಡಬೇಕೆಂದು ಗೊತ್ತಿದ್ದರೂ ಶುರು ಮಾಡಲು ಆಗುವುದಿಲ್ಲ, ಶುರುವಾದದ್ದು ಮುಗಿಯುವುದಿಲ್ಲ, ಕೈಯಲ್ಲಿದ್ದದ್ದು ಕಳೆಯುತ್ತದೆ, ಹೊತ್ತಿನ ಅಂದಾಜು ಸಿಗುವುದಿಲ್ಲ. ಹೆಣ್ಣುಮಕ್ಕಳು ಗಲಾಟೆ ಮಾಡದೆ ಕಿಟಕಿಯ ಆಚೆ ನೋಡುತ್ತಾ ಕೂರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಅವರು ಇಷ್ಟು ಹೇಳುವಾಗ ನನ್ನ ಪಕ್ಕದಲ್ಲಿದ್ದ ಚೈತನ್ಯಾ ನನ್ನ ಮಣಿಕಟ್ಟು ಹಿಡಿದುಕೊಂಡಳು. ಎಷ್ಟು ಗಟ್ಟಿಯಾಗಿ ಎಂದರೆ ಬಳೆ ಒತ್ತಿ ಗುರುತಾಯಿತು.

"ಮೇಡಂ, ಇವ್ರು ಯಾರ ಬಗ್ಗೆ ಹೇಳ್ತಾ ಇದ್ದಾರೆ?"

ಮೊದಲು ಒಬ್ಬ ಡಾಕ್ಟರ ಹತ್ತಿರ ಹೋದೆವು. ನಾನೇ ಜೊತೆಗೆ ಹೋಗಿದ್ದೆ, ಮಲ್ಲೇಶನಿಗೆ ಇನ್ನೂ ಹೇಳಿರಲಿಲ್ಲ. ಆ ಮನುಷ್ಯ ಅವಳನ್ನು ಮೇಲಿಂದ ಕೆಳಗೆ ನೋಡಿ, "ಎಂ.ಎ. ಮಾಡಿದ್ದೀರಿ, ಟೀಚರ್ ಆಗಿದ್ದೀರಿ, ನಿಮಗೆಂಥ ಎಡಿಎಚ್‌ಡಿ? ಅದು ಚಿಕ್ಕ ಹುಡುಗರಿಗೆ ಬರೋದು. ಅತ್ತೆ ಮನೇಲಿ ಏನಾದ್ರೂ ಟೆನ್ಶನ್ ಇದ್ಯಾ?" ಎಂದರು. ನಿದ್ದೆಗೆ ಮಾತ್ರೆ ಬರೆದುಕೊಟ್ಟರು. ಮೆಟ್ಟಿಲಿಳಿಯುವಾಗ ಚೈತನ್ಯಾ, "ಅಂದ್ರೆ ನಾನು ನಿಜವಾಗ್ಲೂ ಸೋಮಾರಿನೇ" ಎಂದಳು. ಅವಳ ದನಿ ಕೇಳಿ ನನಗೆ ಸಿಟ್ಟು ಬಂತು. ಕೌನ್ಸೆಲರಿಗೇ ಫೋನ್ ಮಾಡಿ ಇನ್ನೊಂದು ಹೆಸರು ತೆಗೆದುಕೊಂಡೆ.

ಎರಡನೆಯವರು ಡಾಕ್ಟರ್ ಮೋನಿಕಾ. ದುರ್ಗಿಗುಡಿಯಲ್ಲಿ ಚಿಕ್ಕ ಕ್ಲಿನಿಕ್, ವಯಸ್ಸೂ ಚಿಕ್ಕದು. ಗಂಟೆಗಟ್ಟಲೆ ಕೂರಿಸಿಕೊಂಡು ಕೇಳಿದರು. ಕೊನೆಗೆ ಹೇಳಿದರು: "ದೊಡ್ಡವರಲ್ಲಿ ಇದನ್ನ ಖಚಿತ ಮಾಡ್ಬೇಕಾದ್ರೆ ಬಾಲ್ಯದಲ್ಲೂ ಇತ್ತಾ ಅಂತ ತಿಳೀಬೇಕು. ನಿಮ್ಮನ್ನ ಚಿಕ್ಕಂದಿನಿಂದ ನೋಡಿದೋರು ಯಾರಾದ್ರೂ ಬರೋಕಾಗುತ್ತಾ?"

"ನಮ್ಮ ಅಪ್ಪಾಜಿ ಬರ್ತಾರೆ. ಖಂಡಿತ ಬರ್ತಾರೆ" ಎಂದಳು ಚೈತನ್ಯಾ.

ಆದರೆ ಅಪ್ಪಾಜಿ ಬರಲು ಮನಸ್ಸು ಮಾಡಲಿಲ್ಲ. ಮೊದಲ ಸಲ ಮಂಡಿನೋವು ಅಂದರು. ಎರಡನೇ ಸಲ ಯಾರದೋ ಮದುವೆ ಅಂದರು. ಕರೆದಲ್ಲಿಗೆಲ್ಲ ಬಂದು ನಿಲ್ಲುತ್ತಿದ್ದ ಮನುಷ್ಯ ಹೀಗೇಕೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಕೊನೆಗೆ ತಾಯಿಯೇ "ನಾನು ಬರ್ತೀನಿ ಕಣೆ" ಎಂದರು. ಆಗ ಅಪ್ಪಾಜಿಯೂ ಹೊರಟರು.

ಆ ದಿನ ನಾನು ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಒಳಗೆ ಆದದ್ದನ್ನು ಚೈತನ್ಯಾಳೇ ನನಗೆ ಹೇಳಿದಳು. ಒಂದು ಸಲ ಅಲ್ಲ, ಆಮೇಲಿನ ತಿಂಗಳುಗಳಲ್ಲಿ ಎಷ್ಟೋ ಸಲ, ಪ್ರತಿ ಸಲವೂ ಅದೇ ಮಾತುಗಳಲ್ಲಿ.

ಡಾಕ್ಟರು ಚಿಕ್ಕಂದಿನ ಬಗ್ಗೆ ಕೇಳಿದಾಗ ದಾಕ್ಷಾಯಣಮ್ಮ ತಡೆಯಿಲ್ಲದೆ ಹೇಳಿದರು. "ಒಂದು ಕಾಲಿಗೆ ಸಾಕ್ಸ್ ಹಾಕ್ಕೊಂಡು, ಇನ್ನೊಂದನ್ನ ಕೈಯಲ್ಲಿ ಹಿಡ್ಕೊಂಡು ಕೂತಿರೋಳು ಡಾಕ್ಟ್ರೇ. ಅಷ್ಟೊತ್ತಿಗೆ ಸ್ಕೂಲಿನ ಬೆಲ್ ಹೊಡೆದಿರೋದು. ಸ್ವೆಟರ್ ಎಷ್ಟು ಕಳೆದ್ಲೋ, ಜಾಮೆಟ್ರಿ ಬಾಕ್ಸ್ ಎಷ್ಟು ಕಳೆದ್ಲೋ. ಹೊಡೆದೆ, ಬೈದೆ. ನನ್ನ ಬಾಯಿ ನೋವಾಯ್ತೇ ಹೊರತು ಇವಳು ಬದಲಾಗ್ಲಿಲ್ಲ."

"ಎಲ್ಲಾ ಮಕ್ಕಳೂ ಹಾಗೇ ಇರ್ತವೆ ಮೇಡಂ. ಬುದ್ಧಿವಂತೆ ನನ್ನ ಮಗಳು" ಎಂದರು ಮುರುಗೇಶಪ್ಪ.

"ಹೌದು, ಬುದ್ಧಿವಂತೆ. ಇದಕ್ಕೂ ಬುದ್ಧಿಗೂ ಸಂಬಂಧ ಇಲ್ಲ. ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಇತ್ತಾ? ಇದು ಕುಟುಂಬದಲ್ಲಿ ಬರೋ ಸಾಧ್ಯತೆ ಜಾಸ್ತಿ."

"ಯಾರಿಗೂ ಇಲ್ಲ."

ದಾಕ್ಷಾಯಣಮ್ಮ ಗಂಡನ ಕಡೆ ತಿರುಗಿದರು. "ಆಕರ್ಷನಿಗೆ ಇತ್ತಲ್ಲ ರೀ?"

"ಸುಮ್ನಿರೇ."

"ಡಾಕ್ಟ್ರ ಹತ್ರ ಎಂಥ ಸುಮ್ನಿರೋದು? ಮಂಗಳೂರಿಗೆ ಅಷ್ಟು ವರ್ಷ ಓಡಾಡಿಸಿದ್ವಲ್ಲ. ಪಿಯುಸಿ ಮುಗಿಯೋವರೆಗೂ ಮಾತ್ರೆ ತಗೊಂಡ. ಇದೇ ಹೆಸರು ಹೇಳಿದ್ರು, ನಂಗೆ ನೆನಪಿದೆ."

ಚೈತನ್ಯಾಗೆ ಮೊದಲು ಅರ್ಥವೇ ಆಗಲಿಲ್ಲವಂತೆ. ಆಕರ್ಷನ ಮಂಗಳೂರಿನ ಓಡಾಟ ಅವಳಿಗೆ ಗೊತ್ತಿತ್ತು. ಸೈನಸ್ ಎಂದು ಹೇಳಿದ್ದರು. ಬೆಳಗ್ಗೆ ಹಾಲಿನ ಲೋಟದ ಜೊತೆ ಅವನಿಗೆ ಒಂದು ಮಾತ್ರೆ ಕೊಡುತ್ತಿದ್ದದ್ದೂ ಸೈನಸ್ಸಿಗೆ. ಮೂರನೇ ಕ್ಲಾಸಿನಲ್ಲಿ ಪುಸ್ತಕ ಹರಿದು, ಬೆಂಚು ಹತ್ತಿ ಕುಣಿದು, ಮೇಷ್ಟ್ರು ಶಾಲೆಯಿಂದ ತೆಗೆಯುತ್ತೇನೆಂದು ಹೇಳಿದ್ದ ತಮ್ಮ, ನಾಲ್ಕನೇ ಕ್ಲಾಸಿಗೆ ಬರುವಷ್ಟರಲ್ಲಿ ಕೂತು ಓದುವವನಾಗಿದ್ದ. ಅವಳಿಗೆ ಎಲ್ಲರೂ ಹೇಳುತ್ತಿದ್ದರು, ತಮ್ಮನನ್ನ ನೋಡಿ ಕಲಿ ಎಂದು.

"ಆಗ ಈಕೆಯನ್ನೂ ಡಾಕ್ಟರಿಗೆ ತೋರಿಸಲಿಲ್ವಾ?" ಎಂದು ಮೋನಿಕಾ ಕೇಳಿದರು.

ಚೈತನ್ಯಾಗೆ ಒಂದು ದಿನ ನೆನಪಾಯಿತು. ಶಾಲೆಗೆ ರಜೆ ಇದ್ದ ಒಂದು ಸಲ ಅವಳನ್ನೂ ಮಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಆಸ್ಪತ್ರೆ ಮುಗಿಸಿ ಸಮುದ್ರ ತೋರಿಸಿದ್ದರು. ಹೊಸ ಚಪ್ಪಲಿಯನ್ನು ಅವಳು ಮರಳಿನಲ್ಲಿ ಎಲ್ಲೋ ಬಿಟ್ಟು ಬಂದು ಬರಿಗಾಲಲ್ಲಿ ಬಸ್ ಹತ್ತಿದ್ದಳು. ಆಮೇಲೆ ಎಷ್ಟು ಅತ್ತರೂ ಅವಳನ್ನು ಮತ್ತೆ ಕರೆದುಕೊಂಡು ಹೋಗಲಿಲ್ಲ. ಚಪ್ಪಲಿ ಕಳೆದದ್ದಕ್ಕೆ ಸಿಕ್ಕ ಶಿಕ್ಷೆ ಅದು ಎಂದೇ ಅವಳು ನಂಬಿದ್ದಳು.

"ಅವತ್ತು ಆ ಡಾಕ್ಟ್ರು ನನ್ನ ನೋಡಿದ್ರಾ ಅಮ್ಮ?"

ತಾಯಿ ಸೆರಗು ಹಿಂಡುತ್ತಾ ಹೇಳಿದರು. "ನೋಡಿದ್ರು. ಹೊರಗೆ ಕಾಯೋವಾಗ ನಿನ್ನ ಜೊತೆ ಸ್ವಲ್ಪ ಹೊತ್ತು ಮಾತಾಡಿದ್ರು. ಆಮೇಲೆ ಒಳಗೆ ನಮಗೆ ಹೇಳಿದ್ರು, ಮುಂದಿನ ಸಲ ಈ ಹುಡುಗೀನೂ ಕರ್ಕೊಂಡು ಬನ್ನಿ, ಇವಳಿಗೂ ಪರೀಕ್ಷೆ ಮಾಡೋಣ ಅಂತ. ನಾನು ಕರ್ಕೊಂಡು ಹೋಗೋಣ ಅಂದೆ ಕಣೆ. ದೇವರಾಣೆಗೂ ಅಂದೆ. ನಿಮ್ಮ ಅಪ್ಪಾಜಿ ಬೇಡ ಅಂದ್ರು."

ಚೈತನ್ಯಾ ಅಪ್ಪಾಜಿಯ ಕಡೆ ನೋಡಿದಳು. ಅವರು ಡಾಕ್ಟರ ಮೇಜಿನ ಗಾಜನ್ನು ನೋಡುತ್ತಿದ್ದರು.

"ಹುಡುಗಿ" ಎಂದರು ಅವರು, ಡಾಕ್ಟರಿಗೆ ಹೇಳುವಂತೆ. "ನಾಳೆ ಮದುವೆ ಮಾಡ್ಬೇಕಾದವಳು. ಮನಸ್ಸಿನ ಡಾಕ್ಟ್ರ ಹತ್ರ ಹೋಗ್ತಾಳೆ ಅಂತ ಜನ್ನಾಪುರದಲ್ಲಿ ಒಬ್ಬರಿಗೆ ಗೊತ್ತಾದ್ರೆ ಸಾಕಿತ್ತು. ಅವನು ಗಂಡು ಹುಡುಗ, ಓದಿ ಮನೆ ನಡೆಸ್ಬೇಕಾದವನು, ಅವನಿಗೆ ಬೇರೆ ದಾರಿ ಇರ್ಲಿಲ್ಲ. ಇವಳಿಗೆ ನಾನಿದ್ದೆನಲ್ಲ. ಒಂದು ದಿನಾನೂ ಇವಳ ಕೈ ಬಿಟ್ಟಿಲ್ಲ ನಾನು."

ಒಂದು ದಿನವೂ ಕೈಬಿಟ್ಟಿಲ್ಲ ಎಂಬುದು ನಿಜವೇ. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಸುಟ್ಟಿತು. ಊಟದ ಡಬ್ಬಿ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಿದ್ದ ಮನುಷ್ಯನಿಗೆ, ಮಗಳು ಯಾಕೆ ಡಬ್ಬಿ ಮರೆಯುತ್ತಾಳೆಂದು ಗೊತ್ತಿತ್ತು. ಬಿ.ಇಡಿ. ಕಾಲೇಜಿನ ಪ್ರಿನ್ಸಿಪಾಲರ ಮುಂದೆ "ಹುಷಾರಿರಲಿಲ್ಲ" ಎಂದು ಸುಳ್ಳು ಹೇಳಿ ಬೇಡಿಕೊಂಡಾಗಲೂ ಗೊತ್ತಿತ್ತು. ಅವಳು ಅಡುಗೆಮನೆಯ ಮೂಲೆಯಲ್ಲಿ ಕೂತು, "ಅಪ್ಪಾಜಿ, ನಾನು ಯಾಕೆ ಹೀಗಿದ್ದೀನಿ?" ಎಂದು ಅತ್ತಿದ್ದಾಗ ತಲೆ ಸವರಿ, "ಏನೂ ಆಗಿಲ್ಲ ಮಗಳೇ, ಸ್ವಲ್ಪ ಮನಸ್ಸು ಮಾಡು ಅಷ್ಟೇ" ಎಂದಿದ್ದರಲ್ಲ, ಆಗಲೂ ಗೊತ್ತಿತ್ತು.

ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. "ಉಳಿದ ಪ್ರಶ್ನೆಗಳನ್ನ ಮುಗಿಸಿ ಡಾಕ್ಟ್ರೇ" ಎಂದಳು. ಮುಗಿದ ಮೇಲೆ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ಹಿಂದೆಯೇ ಮುರುಗೇಶಪ್ಪನವರು ಬಂದು, ಅವಳು ಒಳಗೆ ಮರೆತಿದ್ದ ಕೊಡೆಯನ್ನು ಚಾಚಿದರು. ಚೈತನ್ಯಾ ಅದನ್ನು ತೆಗೆದುಕೊಳ್ಳಲಿಲ್ಲ. ಅವರು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಬೆಂಚಿನ ಮೇಲೆ ಇಟ್ಟು ಹೆಂಡತಿಯ ಜೊತೆ ಬಸ್ಸಿಗೆ ಹೊರಟರು.

ಅಂದು ಸಂಜೆ ಅವಳು ಆಕರ್ಷನಿಗೆ ಫೋನ್ ಮಾಡಿದಳು. ನಮ್ಮ ಮನೆಯ ಜಗಲಿಯಲ್ಲಿ ಕೂತೇ ಮಾಡಿದ್ದು, ಸ್ಪೀಕರಿನಲ್ಲಿ ಇಟ್ಟಿದ್ದಳು. ತಮ್ಮ ಮೊದಲು ತಡವರಿಸಿದ, ಆಮೇಲೆ ಒಪ್ಪಿಕೊಂಡ.

"ನಿಂಗೆ ಯಾವಾಗಿಂದ ಗೊತ್ತು?"

"ಹೈಸ್ಕೂಲಿಂದ. ಆಗ ಡಾಕ್ಟ್ರು ನಂಗೆ ಎಲ್ಲಾ ಬಿಡಿಸಿ ಹೇಳಿದ್ರು."

"ನನಗೂ ಅದೇ ಇದೆ ಅಂತ?"

"ಅನ್ನಿಸ್ತಿತ್ತು ಅಕ್ಕ. ಕಾಲೇಜಲ್ಲಿದ್ದಾಗ ಅಪ್ಪಾಜಿ ಹತ್ರ ಒಂದ್ಸಲ ಹೇಳಿದೆ. ನಿನ್ನ ಮದುವೆ ಆಗೋವರೆಗೂ ಬಾಯಿ ಬಿಡ್ಬೇಡ ಅಂದ್ರು."

"ಮದುವೆ ಆಗಿ ಎಷ್ಟು ವರ್ಷ ಆಯ್ತು ಆಕರ್ಷ?"

"ಅಕ್ಕ, ನೀನು ಯಾವತ್ತೂ ಕೇಳ್ಲೇ ಇಲ್ವಲ್ಲ."

"ಏನಂತ ಕೇಳ್ಬೇಕಿತ್ತು?"

ಇನ್ನೂ ಒಂದು ವಿಷಯ ಅವನ ಬಾಯಿಂದ ಬಂತು. ಬ್ಯಾಂಕಿನ ಕೆಲಸ ಸಿಕ್ಕ ಮೇಲೆ ತೊಂದರೆಯಾಗಿ ಅವನು ಮತ್ತೆ ಮಾತ್ರೆ ಶುರು ಮಾಡಿದ್ದ, ಈಗಲೂ ತೆಗೆದುಕೊಳ್ಳುತ್ತಿದ್ದ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಅಕ್ಕನನ್ನು "ಮರೆಗುಳಿ ಮಹಾರಾಣಿ" ಎಂದು ಕರೆದು ನೆಂಟರನ್ನೆಲ್ಲ ನಗಿಸುತ್ತಿದ್ದವನೂ ಅವನೇ. ಫೋನ್ ಇಟ್ಟ ಮೇಲೆ ಚೈತನ್ಯಾ ಹೇಳಿದಳು: "ಬೆಳಗ್ಗೆ ಮಾತ್ರೆ ನುಂಗಿ ಬಂದು ಮಧ್ಯಾಹ್ನ ನನ್ನ ನೋಡಿ ನಗ್ತಿದ್ದ ಮೇಡಂ."

ಮುಂದಿನ ವಾರ ಡಾಕ್ಟರು ಖಚಿತ ಮಾಡಿದರು. ಅವಳು ಮಲ್ಲೇಶನಿಗೆ ಎಲ್ಲವನ್ನೂ ಹೇಳಿದಳು. ಅವಳ ಎಣಿಕೆಯಲ್ಲಿ ಗಂಡ ತನ್ನ ಪರವಾಗಿ ಮಾವನ ಮೇಲೆ ಸಿಟ್ಟಾಗಬೇಕಿತ್ತು. ಸಿಟ್ಟಾದದ್ದು ನಿಜ, ಆದರೆ ಅವಳ ಪರವಾಗಿ ಅಲ್ಲ.

"ಗೊತ್ತಿದ್ದೂ ಮುಚ್ಚಿಟ್ಟು ಮದುವೆ ಮಾಡಿದ್ರಾ ನಿಮ್ಮಪ್ಪ? ಇದು ನಂಗೆ ಮಾಡಿದ ಮೋಸ ಅಲ್ವಾ?"

"ಮೋಸ ಆಗಿದ್ದು ನಿಮಗಾ?"

"ಮತ್ತೆ? ಒಂಬತ್ತು ವರ್ಷ ಈ ಮನೇಲಿ ಏಗಿದ್ದು ಯಾರು? ನಾಳೆ ಅಕ್ಷರಾಗೂ ಬಂದ್ರೆ ಏನು ಮಾಡೋದು?"

"ಬಂದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ಅವಳಿಗೂ ಹೇಳ್ತೀನಿ, ಎಲ್ಲರಿಗೂ ಹೇಳ್ತೀನಿ."

ಮಲ್ಲೇಶ ಕೆಲವು ದಿನ ಅಂಗಡಿಯಿಂದ ಮನೆಗೆ ಬಂದು ಊಟ ಮಾಡಿ ಮಾತಿಲ್ಲದೆ ಎದ್ದು ಹೋಗುತ್ತಿದ್ದ. ಕೆಟ್ಟವನಲ್ಲ ಅವನು. ಆಮೇಲೆ ತಾನೇ ಡಾಕ್ಟರನ್ನು ನೋಡಿ ಬಂದ, ಗೋಡೆಗೆ ಒಂದು ದೊಡ್ಡ ಗಡಿಯಾರ ತಂದು ಹಾಕಿದ. ಆದರೆ ತನಗೆ ಮೋಸವಾಯಿತು ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಮುರುಗೇಶಪ್ಪನವರಿಗೆ ಅದೇ ಒಂದು ಆಧಾರವಾಯಿತು. ಮಗಳಿಗೆ ಫೋನ್ ಮಾಡಿ, "ನೋಡಿದ್ಯಾ, ಇದಕ್ಕೇ ನಾನು ಹೆದರಿದ್ದು" ಎಂದರಂತೆ. ಅಂದಿನಿಂದ ಅವಳು ಅಪ್ಪಾಜಿಯ ಬೆಳಗಿನ ಫೋನ್ ಎತ್ತುವುದನ್ನು ಬಿಟ್ಟಳು.

ಮಾತ್ರೆ ಶುರುವಾಯಿತು. ಪವಾಡವೇನೂ ಆಗಲಿಲ್ಲ. ಮೊದಲ ವಾರ ಹಸಿವಿಲ್ಲ, ಬಾಯಿ ಒಣಗುತ್ತದೆ ಎಂದು ಒದ್ದಾಡಿದಳು. ಡಾಕ್ಟರು ಪ್ರಮಾಣ ಬದಲಾಯಿಸಿದರು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವಳು ಕಟ್ಟಿನ ದಾರ ಬಿಚ್ಚಿ, ಪೆನ್ನು ತೆಗೆದು, ತಿದ್ದಲು ಶುರು ಮಾಡಿದಳು. ಪಕ್ಕದಲ್ಲಿ ಯಾರೂ ಕಾವಲು ಕೂತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ ನನ್ನ ನೋಡಿದಳು. ಕಣ್ಣು ತುಂಬಿತ್ತು. ಖುಷಿಯಾಯಿತೇನೋ ಅಂದುಕೊಂಡು ನಾನು ನಕ್ಕೆ.

"ಇಷ್ಟೇನಾ ಮೇಡಂ?" ಎಂದಳು. "ಬೇರೆಯವ್ರಿಗೆಲ್ಲ ಇಷ್ಟು ಸುಲಭನಾ? ಆಕರ್ಷನಿಗೆ ನಾಲ್ಕನೇ ಕ್ಲಾಸಿಂದ ಹೀಗಿತ್ತಾ?"

ಆಮೇಲೂ ಮರೆವು ಇತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಮೀಟಿಂಗಿಗೆ ತಡವಾಗುತ್ತಿತ್ತು. ಆದರೆ ಅಂಕಗಳು ಸಮಯಕ್ಕೆ ಬಂದವು. ಹೆಡ್‌ಮಾಸ್ಟರು ಆ ಜೂನ್‌ನಲ್ಲಿ ಮತ್ತೆ ಬನ್ನಿ ಎಂದರು. ಬಿ.ಇಡಿ.ಗೆ ಹೊಸದಾಗಿ ಸೇರುವುದರ ಬಗ್ಗೆಯೂ ಅವಳು ವಿಚಾರಿಸತೊಡಗಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ. ಒಂದೊಂದು ಕೆಲಸ ಕೈಗೂಡಿದಾಗಲೂ ಅದು ಹೆಚ್ಚುತ್ತಲೇ ಹೋಯಿತು. ಹಿಂದೆ ಹೀಗೇ ಆಗಬಹುದಾಗಿದ್ದ ಕೆಲಸಗಳೆಲ್ಲ ಸಾಲಾಗಿ ನೆನಪಾಗುತ್ತಿದ್ದವು.

ಈ ವರ್ಷದ ಆರಂಭದಲ್ಲಿ ಆಕರ್ಷ ಜನ್ನಾಪುರದ ಹಳೆಯ ಮನೆಯ ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ಚೈತನ್ಯಾ ಹೋಗುವುದಿಲ್ಲ ಎಂದಳು. ತಾಯಿ ಶಿವಮೊಗ್ಗಕ್ಕೇ ಬಂದು ಕೈ ಹಿಡಿದುಕೊಂಡು ಕರೆದರು. "ನನಗೋಸ್ಕರ ಬಾರೇ" ಎಂದಾಗ ಒಪ್ಪಿದಳು. ನನ್ನನ್ನೂ ಕರೆದಿದ್ದರು, ಒಟ್ಟಿಗೇ ಹೋದೆವು. ಅಂಗಡಿ ಬಿಡಲಾಗದ ಮಲ್ಲೇಶ ಅಕ್ಷರಾಳನ್ನು ತನ್ನ ಬಳಿಯೇ ಇಟ್ಟುಕೊಂಡ.

ಪೂಜೆ ಮುಗಿದು ಪಂಕ್ತಿ ಕೂತಿತ್ತು. ನಾನೂ ಚೈತನ್ಯಾಳೂ ಹೆಂಗಸರ ಸಾಲಿನಲ್ಲಿದ್ದೆವು. ಎದುರು ಸಾಲಿನಲ್ಲಿ ಮುರುಗೇಶಪ್ಪನವರ ಅಕ್ಕ ಜಲಜಮ್ಮ. ಆಕರ್ಷ ಹೊಸ ಪಂಚೆ ಉಟ್ಟು ತುಪ್ಪ ಬಡಿಸುತ್ತಿದ್ದ.

"ಏನೇ ಚೈತನ್ಯಾ, ಉಡುಗೊರೆ ತಂದ್ಯೋ, ಅದನ್ನೂ ಬಸ್ಸಲ್ಲೇ ಬಿಟ್ಟು ಬಂದ್ಯೋ?" ಎಂದು ಜಲಜಮ್ಮ ಕೂಗಿ ಕೇಳಿದರು. ಪೇಪರಿನ ಕಟ್ಟಿನ ಕಥೆ ನೆಂಟರಲ್ಲೆಲ್ಲ ಹರಡಿತ್ತು. ಎಲೆಯ ಮುಂದೆ ಕೂತವರೆಲ್ಲ ನಕ್ಕರು. ಆಕರ್ಷನೂ ನಕ್ಕ, ಅಭ್ಯಾಸಬಲದಿಂದ ಇರಬೇಕು. ಅಕ್ಕನ ಮುಖ ನೋಡಿದ ಕೂಡಲೇ ಅವನ ನಗೆ ನಿಂತಿತು.

ಚೈತನ್ಯಾ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದಳು. ದನಿ ಏರಿಸಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

"ಅತ್ತೆ, ನನಗೆ ಎಡಿಎಚ್‌ಡಿ ಅಂತ ಇದೆ. ಹುಟ್ಟಿನಿಂದಲೇ ಇದೆ. ಅದಕ್ಕೇ ಮರೀತೀನಿ. ಈಗ ಡಾಕ್ಟ್ರಿಗೆ ತೋರಿಸ್ತಿದ್ದೀನಿ, ಮಾತ್ರೆ ತಗೊಳ್ತಿದ್ದೀನಿ."

ಬಡಿಸುವವರು ನಿಂತರು. ಜಲಜಮ್ಮ ಕಣ್ಣು ಅಗಲಿಸಿದರು. "ಅಂದ್ರೆ ತಲೆ ಡಾಕ್ಟ್ರಾ? ಅಯ್ಯೋ ಶಿವನೇ. ನಮ್ಮ ಮನೆತನದಲ್ಲಿ ಇಂಥದ್ದೆಲ್ಲ ಯಾರಿಗೂ ಇಲ್ವಲ್ಲೇ. ನಿಂಗೆ ಎಲ್ಲಿಂದ ಬಂತು?"

ಚೈತನ್ಯಾ ತಲೆಯೆತ್ತಿ ತಮ್ಮನನ್ನು ನೋಡಿದಳು. ಅವನು ತುಪ್ಪದ ಮಿಳ್ಳೆ ಹಿಡಿದು ನಮ್ಮ ಸಾಲಿನ ತುದಿಯಲ್ಲೇ ನಿಂತಿದ್ದ. ಅವಳು ಬಾಯಿ ಬಿಟ್ಟರೆ ಕೇಳಿಸಿಕೊಳ್ಳಲು ಅವನ ಹೆಂಡತಿಯ ತವರಿನವರು, ಬ್ಯಾಂಕಿನ ಮ್ಯಾನೇಜರು, ಇಡೀ ಜನ್ನಾಪುರ ಅಲ್ಲೇ ಕೂತಿತ್ತು. ಅವನಿಗೆ ಅದು ಗೊತ್ತಾಗಿತ್ತು. ಅವಳು ಬಾಯಿ ಬಿಡಲಿಲ್ಲ. ಸುಮ್ಮನೆ ನೋಡುತ್ತಿದ್ದಳು, ಕಾಯುತ್ತಿದ್ದಳು. ಅವನೇ ಹೇಳಲಿ ಎಂದು ಅವಳು ಕಾಯುತ್ತಿದ್ದಾಳೆಂದು ಪಕ್ಕದಲ್ಲಿದ್ದ ನನಗೆ ಚೆನ್ನಾಗಿ ಗೊತ್ತಾಯಿತು.

ಬಾಗಿಲ ಬಳಿ ಮುರುಗೇಶಪ್ಪನವರು ನಿಂತಿದ್ದರು. ಅವರ ಹಿಂದೆ ದಾಕ್ಷಾಯಣಮ್ಮ ಇದ್ದರು.

ಆಕರ್ಷ ಒಳಗೆ ತಿರುಗಿ, "ಪಾಯಸ ಬರ್ಲಿ ರೀ, ಈ ಕಡೆ ಪಾಯಸ ಬಂದಿಲ್ಲ" ಎಂದು ಕೂಗಿದ.

ಪಾಯಸ ಬಂತು. ಜಲಜಮ್ಮ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಪಂಕ್ತಿಯಲ್ಲಿ ಮತ್ತೆ ಮಾತು ಶುರುವಾಯಿತು. ಚೈತನ್ಯಾ ಎಲೆ ಮಡಚಿ ಎದ್ದು ಕೈ ತೊಳೆದಳು. ಆಕರ್ಷ ಹಿಂದೆಯೇ ಬಂದು, "ಥ್ಯಾಂಕ್ಸ್ ಅಕ್ಕ" ಎಂದು ಮೆಲ್ಲಗೆ ಹೇಳಿದ. ಅವಳು ಅವನನ್ನು ಸರಿಸಿ ಹೊರಗೆ ನಡೆದಳು.

ನಾವು ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಹಿಂದಿನಿಂದ ದಾಕ್ಷಾಯಣಮ್ಮ ಬಂದರು. ರೇಷ್ಮೆ ಸೀರೆಯಲ್ಲಿ ಬೇಗ ನಡೆದು ಏದುಸಿರು ಬಿಡುತ್ತಿದ್ದರು. ಮಗಳ ಪಕ್ಕದಲ್ಲಿ ನಿಂತರು.

"ಅಲ್ಲಿ ನಾನಾದ್ರೂ ಹೇಳ್ಬೇಕಿತ್ತು" ಎಂದರು.

"ಹೌದಮ್ಮ, ಹೇಳ್ಬೇಕಿತ್ತು" ಎಂದಳು ಚೈತನ್ಯಾ.

ಅವರು ಇನ್ನೇನೋ ಹೇಳಲು ಹೊರಟರು. ಅಷ್ಟರಲ್ಲಿ ಶಿವಮೊಗ್ಗದ ಬಸ್ ಬಂತು. ಚೈತನ್ಯಾ ಹತ್ತಿ ಕಿಟಕಿಯ ಪಕ್ಕ ಕೂತಳು, ನಾನು ಅವಳ ಪಕ್ಕ ಕೂತೆ. ದಾಕ್ಷಾಯಣಮ್ಮ ಕೆಳಗೆ ನಿಂತು ಕಿಟಕಿಯ ಸರಳು ಹಿಡಿದಿದ್ದರು. ಬಸ್ ಹೊರಟಾಗ ಕೈ ಬಿಟ್ಟರು.